ಮನೆಗೆ ಬಾಗಿಲಿದೆ, ವಿಳಾಸ ಇಲ್ಲ

ಮನೆಯಲ್ಲೇ ಗೇಮ್ ಸರ್ವರ್ ಹಾಕೋದು ಹೇಗೆ ಅಂತ ಹುಡುಕಿದರೆ ಸಿಗುವ ಗೈಡುಗಳೆಲ್ಲ ಒಂದೇ ಅಚ್ಚಿನವು. ಸರ್ವರ್ ಫೈಲು ಇಳಿಸಿಕೊಳ್ಳಿ, ಕಂಪ್ಯೂಟರಿಗೆ ಬದಲಾಗದ ಲೋಕಲ್ ಐಪಿ ಕೊಡಿ, ರೌಟರ್ ಒಳಗೆ ಹೋಗಿ ಪೋರ್ಟ್ ಫಾರ್ವರ್ಡ್ ಮಾಡಿ, ನಿಮ್ಮ ಐಪಿ ವಿಳಾಸ ಗೆಳೆಯರಿಗೆ ಕಳಿಸಿ, ಆಟ ಶುರು. ಐದು ಹೆಜ್ಜೆ, ಐದು ಸ್ಕ್ರೀನ್‌ಶಾಟು. ಇವನ್ನೂ ಒಂದು ಬಗೆಯ ಬರವಣಿಗೆ ಅಂತ ತಗೊಂಡು ಯಾರಾದರೂ ವಿಮರ್ಶೆ ಮಾಡಬೇಕು ಅನ್ನೋದು ನನ್ನ ಬಹುದಿನದ ಆಸೆ. ಯಾಕಂದ್ರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇವು ನಾಲ್ಕನೇ ಹೆಜ್ಜೆಗೆ ಮುಗ್ಗರಿಸುತ್ತವೆ. ಯಾಕೆ ಮುಗ್ಗರಿಸಿದವು ಅಂತಲೂ ಹೇಳಲ್ಲ. ಓದಿದವರು ತಮ್ಮಿಂದಲೇ ಏನೋ ತಪ್ಪಾಯ್ತು ಅಂದ್ಕೊಂಡು ರಾತ್ರಿ ಹನ್ನೆರಡರವರೆಗೆ ರೌಟರನ್ನ ಆಫ್ ಆನ್ ಮಾಡ್ತಾ ಕೂರ್ತಾರೆ.

ಮೈನ್‌ಕ್ರಾಫ್ಟನ್ನೇ ತಗೊಳ್ಳಿ, ಅದರ ಜಾವಾ ಆವೃತ್ತಿಯನ್ನ. ಸರ್ವರ್ ಫೈಲು ಕಂಪನಿಯ ಸೈಟಲ್ಲೇ ಪುಕ್ಕಟೆ ಸಿಗುತ್ತೆ. ಒಂದು ಸಲ ಓಡಿಸಿದರೆ ಒಪ್ಪಂದದ ಒಂದು ಪುಟ್ಟ ಫೈಲು ಹುಟ್ಟುತ್ತೆ. ಅದರಲ್ಲಿ 'ಫಾಲ್ಸ್' ಅಂತ ಇರೋದನ್ನ 'ಟ್ರೂ' ಮಾಡಿದರೆ ಸರ್ವರ್ ಎದ್ದು, ಟಿಸಿಪಿ 25565ನೇ ಪೋರ್ಟಲ್ಲಿ ಕಾಯ್ತಾ ಕೂರುತ್ತೆ. ನಾಲ್ಕೈದು ಜನಕ್ಕೆ ಮೂಲೆಗೆ ಸೇರಿದ ಹಳೇ ಲ್ಯಾಪ್‌ಟಾಪ್ ಸಾಕು. ಪಕ್ಕದ ರೂಮಿನವರು ಅದೇ ವೈಫೈಯಲ್ಲಿದ್ದರೆ ಆಗಲೇ ಒಳಗೆ ಬರಬಹುದು. ಇಲ್ಲೀವರೆಗೆ ಗೈಡುಗಳು ಸರಿ. ತೊಂದರೆ ಬರೋದು ಹುಬ್ಬಳ್ಳಿಗೆ ವಾಪಸ್ ಹೋದ ಗೆಳೆಯ, ಡಬ್ಲಿನ್‌ಗೆ ಹೋದ ಗೆಳತಿ ಸೇರಬೇಕಾದಾಗ. ಮತ್ತೆ ನಾವು ಸರ್ವರ್ ಹಾಕೋದೇ ಅವರಿಗೋಸ್ಕರ ಅಲ್ವಾ?

ನಿಮ್ಮ ಅಪಾರ್ಟ್‌ಮೆಂಟ್ ಗೇಟ್ ನೆನೆಸಿಕೊಳ್ಳಿ. ನೀವು ಆರ್ಡರ್ ಮಾಡಿದ್ದರೆ ಡೆಲಿವರಿ ಹುಡುಗನನ್ನ ಸೆಕ್ಯುರಿಟಿಯವರು ಬಿಡ್ತಾರೆ. ಹೇಳದೆ ಕೇಳದೆ ಬಂದ ನೆಂಟರನ್ನ ಗೇಟಲ್ಲೇ ನಿಲ್ಲಿಸ್ತಾರೆ. ಮನೆಯ ರೌಟರ್ ಮಾಡೋದೂ ಇದನ್ನೇ: ಒಳಗಿನಿಂದ ಕೇಳಿದ್ದಕ್ಕೆ ಮಾತ್ರ ಹೊರಗಿನ ಉತ್ತರವನ್ನ ಒಳಗೆ ಬಿಡುತ್ತೆ. ಪೋರ್ಟ್ ಫಾರ್ವರ್ಡ್ ಅಂದ್ರೆ, 25565 ಅಂತ ಹೇಳ್ಕೊಂಡು ಯಾರು ಬಂದ್ರೂ ನಮ್ಮ ಫ್ಲ್ಯಾಟಿಗೆ ಕಳಿಸಿ ಅಂತ ಸೆಕ್ಯುರಿಟಿಯವರಿಗೆ ಹೇಳಿಡೋದು. ಇಷ್ಟನ್ನ ಗೈಡುಗಳು ಚೆನ್ನಾಗೇ ವಿವರಿಸ್ತವೆ. ಆದರೆ ನಮ್ಮ ಬಹಳಷ್ಟು ಮನೆಗಳ ಮುಂದೆ ಎರಡನೇ ಗೇಟೊಂದಿದೆ. ಅದು ಇಂಟರ್ನೆಟ್ ಕಂಪನಿಯದ್ದು. ಅಲ್ಲಿನ ಕಾವಲಿಗೆ ನೀವು ಏನೂ ಹೇಳುವ ಹಾಗಿಲ್ಲ.

ಈ ಎರಡನೇ ಗೇಟಿಗೆ ಸಿಜಿನ್ಯಾಟ್ ಅಂತಾರೆ. ನೂರಾರು ಮನೆಗಳಿಗೆ ಹೊರಜಗತ್ತಿನಲ್ಲಿ ಒಂದೇ ವಿಳಾಸ. ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರವರಿಯಲ್ಲೇ ಹಂಚಿಹೋಯ್ತು. 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನ ಕಂಪನಿಗಳು ಹೀಗೆ ಒಳಗೊಳಗೇ ಬಳಸಿಕೊಳ್ಳಲಿ ಅಂತಲೇ ತೆಗೆದಿಟ್ಟರು. ನಿಮ್ಮ ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಂತ ಇರುತ್ತಲ್ಲ, ಅದು ಈ ಸಾಲಿನದ್ದಾಗಿದ್ದರೆ, ಅಥವಾ 10ರಿಂದ ಶುರುವಾದರೆ, ಅಥವಾ 'ನನ್ನ ಐಪಿ ಏನು' ಅಂತ ಬ್ರೌಸರಲ್ಲಿ ಕೇಳಿದಾಗ ಬರೋ ನಂಬರಿಗೆ ತಾಳೆಯಾಗದಿದ್ದರೆ, ಪೋರ್ಟ್ ಫಾರ್ವರ್ಡ್ ಮಾಡೋದರಲ್ಲಿ ಅರ್ಥವಿಲ್ಲ. (ಕಂಪನಿಯ ಫೈಬರ್ ಡಬ್ಬದ ಹಿಂದೆ ನಿಮ್ಮದೇ ಇನ್ನೊಂದು ರೌಟರ್ ಇದ್ದರೂ ಹೀಗೆ ಕಾಣಬಹುದು. ಆಗ ಎರಡೂ ಗೇಟು ನಿಮ್ಮದೇ, ಹಾಗಾಗಿ ಸರಿಪಡಿಸಬಹುದು.) ಅರ್ಧ ನಿಮಿಷದ ಪರೀಕ್ಷೆ ಇದು. ಇದನ್ನ ಮೊದಲ ಹೆಜ್ಜೆಯಾಗಿ ಬರೆಯದ ಗೈಡನ್ನ ನಾನು ಗೈಡು ಅಂತ ಕರೆಯಲಾರೆ. ಮನೆಮನೆಗೂ ಪಬ್ಲಿಕ್ ವಿಳಾಸ ಸಿಗುವ ಊರಲ್ಲಿ ಕೂತವರು ಬರೆದದ್ದನ್ನ ಹಾಗೇ ಎತ್ತಿ ಕನ್ನಡಕ್ಕೋ ಹಿಂದಿಗೋ ಇಳಿಸಿದರೆ ಆಗೋದು ಇದೇ.

ಹಾಗಾದ್ರೆ ದಾರಿ? ಒಂದು, ಕಂಪನಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿ ಕೇಳೋದು. ಕೆಲವರು ಹೆಚ್ಚಿಗೆ ದುಡ್ಡು ತಗೊಂಡು ಕೊಡ್ತಾರೆ, ಕೆಲವರು ಮನೆ ಪ್ಲ್ಯಾನಿಗೆ ಇಲ್ಲವೇ ಇಲ್ಲ ಅಂತಾರೆ. ಎರಡು, ಐಪಿವಿ6. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿರೋ ದೇಶಗಳಲ್ಲೊಂದು. ಅದರಲ್ಲಿ ನಿಮ್ಮ ಹಳೇ ಲ್ಯಾಪ್‌ಟಾಪಿಗೂ ತನ್ನದೇ ಜಾಗತಿಕ ವಿಳಾಸ ಇರುತ್ತೆ, ಫೈರ್‌ವಾಲಲ್ಲಿ ಒಂದು ಕಿಂಡಿ ತೆಗೆದರೆ ಮುಗೀತು. ಗೈಡುಗಳು ಇದರ ಹೆಸರೂ ಎತ್ತಲ್ಲ. ಆದರೆ ಆ ಕಡೆಯವರಿಗೂ ಐಪಿವಿ6 ಇರಬೇಕು, ಕಂಪನಿ ಕೊಟ್ಟ ಡಬ್ಬದಲ್ಲಿ ಆ ಕಿಂಡಿ ತೆಗೆಯೋ ಆಯ್ಕೆಯೂ ಇರಬೇಕು. ಎಷ್ಟೋ ಸಲ ಇರಲ್ಲ. ಮೂರನೆಯದು ಟೇಲ್‌ಸ್ಕೇಲ್, ಝೀರೋಟಿಯರ್ ಥರದವು. ಎಲ್ಲರೂ ಒಳಗಿನಿಂದ ಹೊರಕ್ಕೆ ಕೈಚಾಚಿ, ನಡುವೆ ಒಂದು ಖಾಸಗಿ ಜಾಲ ಕಟ್ಟಿಕೊಳ್ಳೋದು. ಹುಬ್ಬಳ್ಳಿ, ಡಬ್ಲಿನ್, ಬೆಂಗಳೂರು ಮೂರೂ ಒಂದೇ ಲ್ಯಾನಲ್ಲಿ ಕೂತ ಹಾಗೆ. ನನ್ನ ಓಟು ಇದಕ್ಕೇ. ಕಾರಣ ಸುಲಭ ಅನ್ನೋದಲ್ಲ, ಅಪರಿಚಿತರಿಗೆ ಬಾಗಿಲೇ ಕಾಣಲ್ಲ ಅನ್ನೋದು.

ಅದು ಸಣ್ಣ ಮಾತಲ್ಲ. 2021ರ ಡಿಸೆಂಬರಲ್ಲಿ ಲಾಗ್4ಶೆಲ್ ಅನ್ನೋ ದೋಷ ಬಯಲಾದಾಗ ಮೊದಲು ಸುದ್ದಿಯಾದವುಗಳಲ್ಲಿ ಮೈನ್‌ಕ್ರಾಫ್ಟ್ ಸರ್ವರುಗಳೂ ಇದ್ದವು. ಚಾಟಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕು, ಸರ್ವರ್ ಓಡ್ತಿರೋ ಕಂಪ್ಯೂಟರಲ್ಲಿ ಹೊರಗಿನವರ ಕೋಡು ಓಡಿಸಬಹುದಿತ್ತು. ಆಫೀಸಿನ ವಿಪಿಎನ್ ಇರೋ ಲ್ಯಾಪ್‌ಟಾಪಲ್ಲೇ ಗೇಮ್ ಸರ್ವರ್ ಇಟ್ಟುಕೊಂಡವರು ಇದನ್ನ ಇನ್ನೊಮ್ಮೆ ಓದಿಕೊಳ್ಳಿ. ಪೋರ್ಟ್ ತೆರೆಯಿರಿ ಅನ್ನೋಕೆ ಐದು ಸ್ಕ್ರೀನ್‌ಶಾಟು ಹಾಕುವವರು ವೈಟ್‌ಲಿಸ್ಟ್ ಆನ್ ಮಾಡಿ ಅನ್ನೋಕೆ ಒಂದು ಸಾಲೂ ಖರ್ಚು ಮಾಡಲ್ಲ.

ಖರ್ಚು ಮಾಡೋದು ಎಲ್ಲಿ ಅಂದ್ರೆ, ಗೇಮಿಂಗ್ ರೌಟರ್ ಮೇಲೆ. ಆರು ಆಂಟೆನಾ, ಕೆಂಪು ದೀಪ, ತಲೆಕೆಳಗಾದ ಜೇಡದ ಥರ. ಲೆಕ್ಕ ಹಾಕಿ ನೋಡಿ: ಫೈಬರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ. ಡಬ್ಲಿನ್ ಇಲ್ಲಿಂದ ನೇರ ಗೆರೆಯಲ್ಲೇ 8,300 ಕಿಲೋಮೀಟರ್ ಆಸುಪಾಸು. ಹೋಗಿಬರೋಕೆ ಕನಿಷ್ಠ 80 ಮಿಲಿಸೆಕೆಂಡ್ ಬೇಕೇ ಬೇಕು, ಕೇಬಲ್ಲು ಸಮುದ್ರದಲ್ಲಿ ಸುತ್ತಿಬಳಸಿ ಹೋಗೋದರಿಂದ ನಿಜಕ್ಕೂ ಇನ್ನೂ ಹೆಚ್ಚು. ಯಾವ ಆಂಟೆನಾನೂ ಅದನ್ನ ಇಳಿಸಲ್ಲ. ಅದೃಷ್ಟಕ್ಕೆ ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಸಲ ಮಾತ್ರ ಉಸಿರಾಡುತ್ತೆ, ಅಂದ್ರೆ 50 ಮಿಲಿಸೆಕೆಂಡಿಗೊಮ್ಮೆ. ಗೋಡೆ ಕಟ್ಟೋ ಆಟಕ್ಕೆ ಇಷ್ಟು ತಡ ಲೆಕ್ಕಕ್ಕಿಲ್ಲ. ಕೌಂಟರ್ ಸ್ಟ್ರೈಕ್ ಆದರೆ ಡಬ್ಲಿನ್‌ನವಳು ನಿಮ್ಮನ್ನ ನೋಡೋ ಮುಂಚೆಯೇ ಸತ್ತಿರ್ತಾಳೆ.

ಮನೆಯೊಳಗೆ ನಿಜವಾಗಿ ಆಟ ಕೆಡಿಸೋದು ಬೇರೆಯೇ. ಯಾರದ್ದೋ ಫೋನು ಮದುವೆ ಫೋಟೋಗಳನ್ನೆಲ್ಲ ಕ್ಲೌಡಿಗೆ ಏರಿಸೋಕೆ ಶುರು ಮಾಡುತ್ತೆ, ಅಪ್‌ಲೋಡ್ ತುಂಬುತ್ತೆ, ರೌಟರಲ್ಲಿ ಕ್ಯೂ ಬೆಳೆಯುತ್ತೆ, ಆಟದ ಪುಟಾಣಿ ಪ್ಯಾಕೆಟ್ಟುಗಳು ಅದರ ಬಾಲದಲ್ಲಿ ನಿಲ್ತವೆ. ಇದಕ್ಕೆ ಎಸ್‌ಕ್ಯೂಎಂ ಅನ್ನೋ ಸೆಟ್ಟಿಂಗ್ ಇರೋ ರೌಟರ್ ಬೇಕು. ಅಪ್‌ಲೋಡ್ ಮಿತಿಯನ್ನ ನಿಮ್ಮ ಲೈನಿನ ವೇಗಕ್ಕಿಂತ ಸ್ವಲ್ಪ ಕೆಳಗೆ, ಶೇಕಡಾ 90ರ ಹತ್ತಿರ ಇಟ್ಟರೆ ಕ್ಯೂ ಹಿಡಿತಕ್ಕೆ ಬರುತ್ತೆ. ಸರ್ವರಿಗೆ ವೈಫೈ ಬೇಡ, ಕೇಬಲ್ ಎಳೀರಿ. ಸಾದಾ ಕ್ಯಾಟ್5ಇ ನೂರು ಮೀಟರ್ ದೂರಕ್ಕೆ ಗಿಗಾಬಿಟ್ ಒಯ್ಯುತ್ತೆ. ಬಾಡಿಗೆ ಮನೆಯಲ್ಲಿ ಓನರ್ ಮೊಳೆ ಹೊಡೆಯೋಕೂ ಬಿಡಲ್ಲ ಅಂದ್ರೆ ಗೋಡೆಯ ಬುಡಕ್ಕೆ ಅಂಟಿಸ್ಕೊಂಡು ಹೋಗಿ. ರೌಟರಿಗೆ ಪುಟ್ಟ ಯುಪಿಎಸ್ ಇಡಿ, ನಮ್ಮ ಕರೆಂಟ್ ಗೊತ್ತಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಕಂಪನಿಯ ಸರ್ವರಲ್ಲೇ ಆಡಿದ್ರಾಯ್ತಲ್ಲ ಅಂತೀರಿ. ಸರಿ, ದಿ ಕ್ರೂ ಅನ್ನೋ ಕಾರ್ ರೇಸಿನ ಆಟ ನೋಡಿ. 2014ರಲ್ಲಿ ಬಂತು, ಒಬ್ಬರೇ ಆಡಿದರೂ ಕಂಪನಿಯ ಸರ್ವರ್ ಬೇಕು. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ಸರ್ವರ್ ಆರಿಸಿತು. ದುಡ್ಡು ಕೊಟ್ಟು ಕೊಂಡ ಡಿಸ್ಕು ಮನೆಯಲ್ಲೇ ಇತ್ತು, ಆಟ ಇರಲಿಲ್ಲ. 1996ರ ಕ್ವೇಕ್‌ಗೆ ಮಾತ್ರ ಈಗಲೂ ಯಾರು ಬೇಕಾದರೂ ಸರ್ವರ್ ಹಾಕಬಹುದು. ಅದರ ಸರ್ವರ್ ಜನರ ಕೈಗೆ ಸಿಕ್ಕಿತ್ತು, 1999ರಲ್ಲಿ ಸೋರ್ಸ್ ಕೋಡೂ ಹೊರಬಂತು.

ಇವೆರಡರ ನಡುವೆ ಇನ್ನೊಂದು ಜಾತಿ ಇದೆ, ನನಗೆ ಹೆಚ್ಚು ಸಿಟ್ಟು ಬರೋದು ಅದರ ಮೇಲೆ. 2009ರಲ್ಲಿ ಮಾಡರ್ನ್ ವಾರ್‌ಫೇರ್ 2 ಬಂದಾಗ ಪಿಸಿ ಆಟಗಾರರ ಕೈಯಿಂದ ಡೆಡಿಕೇಟೆಡ್ ಸರ್ವರ್ ಕಿತ್ತುಕೊಂಡರು. ಹಾಗಂತ ಕಂಪನಿಯೇ ಆಟ ನಡೆಸಿತಾ? ಇಲ್ಲ. ಆಡ್ತಿರೋರಲ್ಲೇ ಒಬ್ಬರ ಮಷೀನನ್ನ ತಾನೇ ಹೋಸ್ಟ್ ಮಾಡಿಕೊಳ್ತಿತ್ತು. ಕರೆಂಟು ನಿಮ್ಮದು, ಅಪ್‌ಲೋಡ್ ನಿಮ್ಮದು. ಯಾರು ಬರಬೇಕು, ಯಾವ ನಿಯಮ, ಎಷ್ಟು ದಿನ ನಡೀಬೇಕು ಅನ್ನೋದು ಮಾತ್ರ ಅವರದ್ದು. ಮನೆ ನಿಮ್ಮದೇ, ಮದುವೆ ಊಟಕ್ಕೆ ಕರೆಯೋ ಪಟ್ಟಿ ಮಾತ್ರ ಬೀಗರದ್ದು ಅನ್ನೋ ಹಾಗೆ. ಆಟದ ರಿವ್ಯೂಗಳಲ್ಲಿ ಗ್ರಾಫಿಕ್ಸಿಗೆ ಎರಡು ಪ್ಯಾರಾ, ಕಥೆಗೆ ಮೂರು. ಸರ್ವರ್ ಫೈಲು ಕೊಟ್ಟಿದ್ದಾರಾ ಅಂತ ಒಂದು ಸಾಲು ಬರೆದವರನ್ನ ಹುಡುಕಬೇಕು. ಹತ್ತು ಗೆಳೆಯರು ಎರಡು ವರ್ಷ ಕೂತು ಕಟ್ಟಿದ ಊರು ಯಾರ ಡಿಸ್ಕಲ್ಲಿದೆ ಅನ್ನೋದು ಆಟದ ಗುಣಕ್ಕೆ ಸಂಬಂಧಿಸಿದ್ದಲ್ಲ ಅಂದ್ರೆ ಇನ್ಯಾವುದು?

ಆ ಲೆಕ್ಕದಲ್ಲಿ ಮೈನ್‌ಕ್ರಾಫ್ಟಿಗೆ ಒಳ್ಳೇ ಮಾರ್ಕ್ಸು, ಪೂರ್ತಿ ಅಲ್ಲ. ಊರು ಇರೋದು 'ವರ್ಲ್ಡ್' ಅನ್ನೋ ಒಂದು ಫೋಲ್ಡರಲ್ಲಿ. ವಾರಕ್ಕೊಮ್ಮೆ ಸರ್ವರ್ ನಿಲ್ಲಿಸಿ ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಟುಕೊಂಡರೆ, ನೀವು ಮನೆ ಬದಲಿಸಿದರೂ, ಊರು ಬಿಟ್ಟರೂ, ಇನ್ನೊಬ್ಬರ ಕಂಪ್ಯೂಟರಲ್ಲಿ ಅದು ಹಾಗೇ ಎದ್ದು ನಿಲ್ಲುತ್ತೆ. ಆದರೆ ಮಾಮೂಲಿ ಸೆಟ್ಟಿಂಗಲ್ಲಿ ಒಳಗೆ ಬರೋ ಪ್ರತಿಯೊಬ್ಬರ ಗುರುತನ್ನ ಸರ್ವರ್ ಇವತ್ತಿಗೂ ಕೇಳೋದು ಕಂಪನಿಯನ್ನೇ, ಮೈಕ್ರೋಸಾಫ್ಟ್ ಅಕೌಂಟಿನ ಮೂಲಕ. ಆ ಕಡೆ ತೊಂದರೆಯಾದ ಸಂಜೆ ಹೊಸದಾಗಿ ಲಾಗಿನ್ ಆಗೋಕೆ ಬಂದವರು ಹೊರಗೇ ನಿಲ್ತಾರೆ, ಸರ್ವರ್ ನಿಮ್ಮ ಮೇಜಿನ ಕೆಳಗೇ ಓಡ್ತಿದ್ದರೂ.