ನಗರದ ಗುಣ, ಆಡಳಿತ ಮತ್ತು ಸಾಂಕ್ರಾಮಿಕ: ನಾಲ್ಕು ಊರುಗಳನ್ನು ಕುರಿತು ಒಂದು ವಿಮರ್ಶೆ

ಸಾಂಕ್ರಾಮಿಕ ರೋಗವು ನಗರಗಳಲ್ಲಿ ಹರಡುವ ಬಗೆಯನ್ನು ವಿವೇಚಿಸುವವರು ಸಾಮಾನ್ಯವಾಗಿ ಜನಸಾಂದ್ರತೆಯನ್ನೇ ಮೊದಲ ಕಾರಣವಾಗಿ ಹಿಡಿಯುತ್ತಾರೆ. ಮಹಾನಗರಗಳನ್ನು ನೋಡಿ ಕಟ್ಟಿದ ಈ ವಾದವನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ನಾಲ್ಕು ನಗರಸಭೆಗಳಿಗೆ ಹಾಗೆಯೇ ಅನ್ವಯಿಸುವುದು ಯುಕ್ತವೆಂದು ನಮಗೆ ತೋರುವುದಿಲ್ಲ.

2011ರ ಜನಗಣತಿಯಂತೆ ಚಿಂತಾಮಣಿಯಲ್ಲಿ ಸುಮಾರು 76,000, ಚಿಕ್ಕಬಳ್ಳಾಪುರದಲ್ಲಿ 64,000, ಶಿಡ್ಲಘಟ್ಟದಲ್ಲಿ 51,000, ಗೌರಿಬಿದನೂರಿನಲ್ಲಿ 38,000 ಜನರಿದ್ದರು. ಆದರೆ 2020ರ ಮಾರ್ಚಿಯಲ್ಲಿ ಜಿಲ್ಲೆಯಲ್ಲಿ ಕೋವಿಡ್ ಮೊದಲು ಕಾಣಿಸಿಕೊಂಡದ್ದು ಇವುಗಳಲ್ಲಿ ಅತ್ಯಂತ ಚಿಕ್ಕದಾದ ಗೌರಿಬಿದನೂರಿನಲ್ಲಿ, ವಿದೇಶಯಾತ್ರೆಯಿಂದ ಮರಳಿದವರ ಮೂಲಕ. ಒಂದು ನಿದರ್ಶನದಿಂದ ನಿಯಮ ಸಿದ್ಧವಾಗದು, ನಿಜ. ಆದರೆ ರೋಗದ ಪ್ರವೇಶವೂ ಅದರ ಹರಡುವಿಕೆಯೂ ಬೇರೆ ಬೇರೆ ಪ್ರಶ್ನೆಗಳೆಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

ಶಿಡ್ಲಘಟ್ಟದ ಸ್ಥಿತಿ ಇನ್ನೂ ಬೇರೆ. ಅಲ್ಲಿನ ಜೀವನ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನಂಬಿದೆ; ನೂಲು ಬಿಚ್ಚಾಣಿಕೆ ಅನೇಕ ಕಡೆ ಮನೆಯೊಳಗೇ ನಡೆಯುತ್ತದೆ. ಮನೆಯಲ್ಲಿಯೇ ಇರಿ ಎಂಬ ಆಜ್ಞೆಗೆ ಮನೆಯೇ ಕಾರ್ಖಾನೆಯಾದವರ ಮಟ್ಟಿಗೆ ಅರ್ಥವೇನು? ಗೂಡು ಕಟ್ಟಿದ ಹುಳು ಆಜ್ಞೆಗಾಗಿ ಕಾಯುವುದಿಲ್ಲ. ಕೆಲವು ದಿನಗಳಲ್ಲಿ ಚಿಟ್ಟೆ ಗೂಡನ್ನು ಒಡೆದು ಹೊರಬಂದರೆ ಎಳೆ ಕಡಿದುಹೋಗಿ, ಆ ಗೂಡು ಬಿಚ್ಚಾಣಿಕೆಗೆ ಬಾರದು. ಟೊಮೇಟೊ ವ್ಯಾಪಾರದ ಚಿಂತಾಮಣಿಗೂ ಇಂಥದೇ ಅವಸರ ಉಂಟು. ಜನಸಾಂದ್ರತೆಯ ಅಂಕಿ ಇದಾವುದನ್ನೂ ಹೇಳದು.

ಆಡಳಿತದ ವಿಷಯದಲ್ಲಿ ನಮ್ಮ ಆಕ್ಷೇಪ ಇನ್ನೂ ಗುರುತರವಾದದ್ದು. 1992ರ 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೆಯ ಅನುಸೂಚಿಯು ಸಾರ್ವಜನಿಕ ಆರೋಗ್ಯವನ್ನು ಪೌರಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ಆದರೆ 2020ರಲ್ಲಿ ಕಾರ್ಯ ನಡೆದದ್ದು 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ. ಅಧಿಕಾರ ಜಿಲ್ಲಾಧಿಕಾರಿಯಲ್ಲಿ ಕೇಂದ್ರೀಕೃತವಾಯಿತು. ಮೀಸಲಾತಿಯ ವ್ಯಾಜ್ಯದಿಂದ ರಾಜ್ಯದ ಅನೇಕ ಪೌರಸಂಸ್ಥೆಗಳಲ್ಲಿ ಆಗ ಅಧ್ಯಕ್ಷರೂ ಇರಲಿಲ್ಲ. (1898ರ ಪ್ಲೇಗಿನ ಕಾಲದಲ್ಲಿಯೂ ಮೈಸೂರು ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತ್ತು, ಅಭ್ಯಾಸ ಹಳೆಯದು.) ಹೀಗಿರುವಾಗ ಸಾವುನೋವಿನ ಹೆಚ್ಚುಕಡಿಮೆಗೆ ಸ್ಥಳೀಯ ಆಡಳಿತವನ್ನು ಹೊಗಳುವುದಾಗಲಿ ತೆಗಳುವುದಾಗಲಿ, ಕೊಡದ ಅಧಿಕಾರಕ್ಕೆ ಲೆಕ್ಕ ಕೇಳಿದಂತೆ.

ರಾಜ್ಯದ ದೈನಿಕ ಪ್ರಕಟಣೆಗಳ ಕೋಷ್ಟಕಗಳು ಜಿಲ್ಲಾವಾರಾಗಿದ್ದುದರಿಂದ ನಾಲ್ಕು ಊರುಗಳೂ ಒಂದೇ ಅಂಕಿಯಲ್ಲಿ ಕರಗಿಹೋದವು. ನಗರಸಭೆಗಳ ಜನನ-ಮರಣ ದಾಖಲೆಗಳನ್ನು 2019ರಿಂದ 2021ರವರೆಗೆ ಹೋಲಿಸುವುದು ಹೆಚ್ಚು ಉಪಯುಕ್ತವಾದ ಮಾರ್ಗವೆಂದು ನಾವು ಭಾವಿಸುತ್ತೇವೆ. ಆದರೂ ಮರಣವು ಸಂಭವಿಸಿದ ಸ್ಥಳದಲ್ಲಿಯೇ ನೋಂದಣಿಯಾಗುತ್ತದೆ; ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಚಿಂತಾಮಣಿಯವನ ಹೆಸರು ಚಿಂತಾಮಣಿಯ ಪುಸ್ತಕದಲ್ಲಿ ಸಿಗುವುದಿಲ್ಲ.