ಪ್ರತಿವಾದಿ ಗೈರುಹಾಜರು

ಸಾಲ ವಸೂಲಿಯ ದಾವೆಗಳು ವಾದ-ಪ್ರತಿವಾದ ನಡೆದೇ ತೀರ್ಮಾನವಾಗುತ್ತವೆ ಎಂದು ನಂಬಿದವರು ಯಾವುದಾದರೂ ಸಿವಿಲ್ ಕೋರ್ಟಿನಲ್ಲಿ ಒಂದು ಬೆಳಗ್ಗೆ ಕೂತು ನೋಡಬೇಕು. ಜವಾನ ಬಾಗಿಲಲ್ಲಿ ನಿಂತು ಪ್ರತಿವಾದಿಯ ಹೆಸರು ಕೂಗುತ್ತಾನೆ, ಯಾರೂ ಬರುವುದಿಲ್ಲ. ‘ಎಕ್ಸ್‌ಪಾರ್ಟಿ’ ಎಂದು ಆರ್ಡರ್ ಶೀಟಿನಲ್ಲಿ ಬರೆದಾಗುತ್ತದೆ. ಮುಂದಿನ ವಾಯಿದೆಗೆ ಬ್ಯಾಂಕಿನವರೋ ಫೈನಾನ್ಸಿನವರೋ ಪ್ರಮಾಣಪತ್ರ ಸಲ್ಲಿಸುತ್ತಾರೆ, ದಾಖಲೆಗಳಿಗೆ ನಿಶಾನೆ ಬೀಳುತ್ತದೆ. ಪಾಟಿ ಸವಾಲು ಇಲ್ಲ. ಅಲ್ಲಿಂದ ಡಿಕ್ರಿಗೆ ಹೆಚ್ಚು ದೂರವಿಲ್ಲ.

ಈ ವಿಧಾನವೇ ಬೇಡ ಎನ್ನಲಾಗದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 6 ಇಲ್ಲದಿದ್ದರೆ ಸಮನ್ಸು ತಪ್ಪಿಸಿಕೊಂಡು ತಿರುಗುವ ಸಾಲಗಾರನೇ ಗೆಲ್ಲುತ್ತಿದ್ದ. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ನಂಬಿಕೆಯ ಮೇಲೆ ಕೈಗಡ ಕೊಟ್ಟು ಕೋರ್ಟು ಹತ್ತಿದವರೂ ವಾದಿಗಳೇ. ಅವರನ್ನು ವರ್ಷಗಟ್ಟಲೆ ಅಲೆಸುವುದು ನ್ಯಾಯವಲ್ಲ. ನನ್ನ ತಕರಾರು ನಿಯಮದ ಬಗ್ಗೆ ಅಲ್ಲ, ಅದು ನಡೆಯುವ ರೀತಿಯ ಬಗ್ಗೆ. ಗೈರುಹಾಜರಿಯನ್ನು ಒಪ್ಪಿಗೆಯೆಂದು ಓದುವ ಅಭ್ಯಾಸ ನಮ್ಮ ಕೋರ್ಟುಗಳಲ್ಲಿ ಬೇರೂರಿದೆ. ಕಾನೂನು ಹಾಗೆ ಹೇಳುವುದಿಲ್ಲ.

ಆದೇಶ 37ರ ಸಂಕ್ಷಿಪ್ತ ದಾವೆಯಲ್ಲಿ ಮಾತ್ರ ಹತ್ತು ದಿನದೊಳಗೆ ಹಾಜರಾಗದ ಪ್ರತಿವಾದಿ ವಾದಿಯ ಮಾತನ್ನು ಒಪ್ಪಿದಂತೆ ಎಣಿಕೆ. ಸಾಮಾನ್ಯ ದಾವೆಯಲ್ಲಿ ವಾದಿ ತನ್ನ ಕೇಸನ್ನು ಸಾಬೀತು ಮಾಡಲೇಬೇಕು. ಉತ್ತರ ಸಲ್ಲಿಕೆಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಡಿಕ್ರಿ ಕೊಡಬಾರದು ಎಂದು ಸುಪ್ರೀಂ ಕೋರ್ಟು 1999ರಲ್ಲಿ ಬಲರಾಜ್ ತನೇಜಾ ಪ್ರಕರಣದಲ್ಲಿ ಹೇಳಿತು. 2012ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಆಸ್ತಿ ವಿಭಾಗದ ದಾವೆಯಲ್ಲೂ ಅದೇ ಎಚ್ಚರಿಕೆಯನ್ನು ಮತ್ತೆ ಕೊಟ್ಟಿತು.

ಪ್ರತಿವಾದಿ ಬಾಯಿ ಬಿಡದಿದ್ದರೂ ನ್ಯಾಯಾಧೀಶರೇ ಕೇಳಬೇಕಾದ ಪ್ರಶ್ನೆಗಳಿವೆ. ಕಾಲಮಿತಿ ಕಾಯ್ದೆಯ ಕಲಂ 3ರ ಪ್ರಕಾರ, ಅವಧಿ ಮೀರಿದ ದಾವೆಯನ್ನು ಯಾರೂ ಆಕ್ಷೇಪಿಸದಿದ್ದರೂ ಕೋರ್ಟು ವಜಾ ಮಾಡಬೇಕು. ಸಾಲಕ್ಕೆ ಇರುವ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಪ್ರಾಂಸರಿ ನೋಟಿನ ಬೆನ್ನ ಮೇಲೆ ‘ಇಂಥ ತಾರೀಖು ಐನೂರು ರೂಪಾಯಿ ಸಂದಾಯ’ ಎಂದು ಬರೆದಿದ್ದರೆ ಆ ಅವಧಿ ಹೊಸದಾಗಿ ಶುರುವಾಗುತ್ತದೆ. ಆದರೆ ಆ ಬರಹ ಹಣ ಕಟ್ಟಿದವನ ಕೈಯದಾಗಿರಬೇಕು, ಇಲ್ಲವೇ ಅವನ ಸಹಿ ಇರಬೇಕು. ಎದುರು ಪಕ್ಷವಿಲ್ಲದ ದಿನ ಆ ನೋಟನ್ನು ಹಿಂದುಮುಂದು ತಿರುವಿ ನೋಡುವವರು ಯಾರು? ಲೇವಾದೇವಿದಾರ ಸಾಲ ಕೊಟ್ಟಾಗ ಪರವಾನಗಿ ಹೊಂದಿದ್ದನೇ ಎಂಬುದನ್ನು 1961ರ ಕರ್ನಾಟಕ ಲೇವಾದೇವಿ ಕಾಯ್ದೆಯಡಿ ಕೋರ್ಟು ನೋಡಬೇಕು. ‘ವಾದಿಯ ಸಾಕ್ಷ್ಯವನ್ನು ಯಾರೂ ಅಲ್ಲಗಳೆದಿಲ್ಲ, ನಂಬದಿರಲು ಕಾರಣವಿಲ್ಲ’ ಎಂಬ ಧಾಟಿಯ ಒಂದೂವರೆ ಪುಟದ ತೀರ್ಪಿನಲ್ಲಿ ಇದ್ಯಾವುದಕ್ಕೂ ಜಾಗ ಇರುವುದಿಲ್ಲ. ಯಾರೂ ಎದುರಾಡದ ಕೇಸಿನಲ್ಲೇ ನ್ಯಾಯಾಧೀಶರ ಕಣ್ಣು ಹೆಚ್ಚು ಚುರುಕಾಗಿರಬೇಕು.

ಕೇಡಿನ ಬೇರು ಇರುವುದು ಸಮನ್ಸು ಜಾರಿಯಲ್ಲಿ. ಸಾಲಪತ್ರದಲ್ಲಿರುವುದು ಊರಿನ ವಿಳಾಸ. ಸಾಲಗಾರ ರಾಯಚೂರಿನ ಹಳ್ಳಿ ಬಿಟ್ಟು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಂದು ಎಷ್ಟೋ ಕಾಲವಾಗಿರುತ್ತದೆ. ರಿಜಿಸ್ಟರ್ಡ್ ಲಕೋಟೆ ‘ಡೋರ್ ಲಾಕ್’ ಷರಾದೊಂದಿಗೆ ಮರಳುತ್ತದೆ. ಅಮೀನ ಬಾಗಿಲಿಗೆ ಪ್ರತಿ ಅಂಟಿಸಿ ವರದಿ ಬರೆಯುತ್ತಾನೆ. ಮನೆ ಗುರುತಿಸಿದವರು ಯಾರು, ಯಾರ ಸಮಕ್ಷಮ ಅಂಟಿಸಲಾಯಿತು ಎಂಬುದು ವರದಿಯಲ್ಲಿ ಇರಬೇಕೆಂದು ಆದೇಶ 5, ನಿಯಮ 17 ಹೇಳುತ್ತದೆ. ವರದಿಗೆ ಪ್ರಮಾಣಪತ್ರದ ಬಲವಿಲ್ಲದಿದ್ದರೆ ಅಮೀನನನ್ನೇ ವಿಚಾರಿಸಬೇಕೆನ್ನುತ್ತದೆ ನಿಯಮ 19. ಇಷ್ಟು ಮಾಡಿದರೆ ಅರ್ಧ ಅನ್ಯಾಯ ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು ಪತ್ರಿಕಾ ಪ್ರಕಟಣೆಗೆ ಅರ್ಜಿ ಬೀಳುತ್ತದೆ. ಗಾರೆ ಕೆಲಸದವನು ಪತ್ರಿಕೆಯ ಒಳಪುಟದ ಸಣ್ಣಕ್ಷರದಲ್ಲಿ ತನ್ನ ಹೆಸರು ಹುಡುಕುತ್ತಾನೆಯೇ?

ಇನ್ನು ಜಾಮೀನುದಾರರು. ಸಮನ್ಸು ಕೈಗೆ ಸಿಕ್ಕಿಯೂ ಕೋರ್ಟಿಗೆ ಹೋಗದವರಲ್ಲಿ ಇವರು ಬಹಳ. ‘ಸಾಲ ತಗೊಂಡೋನು ನೋಡ್ಕೋತಾನೆ ಬಿಡಿ’ ಎಂಬ ಸಮಾಧಾನ ಅವರದು. ಕರಾರು ಕಾಯ್ದೆಯ ಕಲಂ 128ರ ಪ್ರಕಾರ ಅವರ ಹೊಣೆ ಸಾಲಗಾರನ ಹೊಣೆಯಷ್ಟೇ. ಸಂಬಳ ಜಪ್ತಿಯ ಆದೇಶ ಕಚೇರಿಗೆ ಬಂದ ದಿನ ಅದು ಗೊತ್ತಾಗುತ್ತದೆ. ಜಪ್ತಿಯಿಂದ ಉಳಿಯುವುದು ಸಂಬಳದ ಮೊದಲ 1000 ರೂಪಾಯಿ ಮತ್ತು ಮಿಕ್ಕದ್ದರಲ್ಲಿ ಮೂರನೇ ಎರಡು ಭಾಗ. ಇಂದಿನ ಬೆಲೆಯಲ್ಲಿ ಆ 1000 ರೂಪಾಯಿ ಯಾವ ರಕ್ಷಣೆ?

ಡಿಕ್ರಿ ರದ್ದತಿಗೆ ಆದೇಶ 9, ನಿಯಮ 13 ಇದೆ. ಅರ್ಜಿಗೆ 30 ದಿನ. ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಕೆ. ಪತ್ರಿಕಾ ಪ್ರಕಟಣೆಯಂಥ ಬದಲಿ ಜಾರಿಯನ್ನು ಇದಕ್ಕೆ ಸರಿಯಾದ ಜಾರಿಯೆಂದು ಪರಿಗಣಿಸುವಂತಿಲ್ಲ ಎಂದು ಕಾಲಮಿತಿ ಕಾಯ್ದೆಯ 123ನೇ ಅನುಚ್ಛೇದ ಬಿಡಿಸಿ ಹೇಳಿದೆ. ಬಡವರ ಪಾಲಿಗೆ ಇಷ್ಟು ಉಪಕಾರಿಯಾದ ಇನ್ನೊಂದು ಸಾಲು ಈ ಇಡೀ ವ್ಯವಸ್ಥೆಯಲ್ಲಿಲ್ಲ. ಆದರೆ ಅರ್ಜಿ ಹಾಕಲು ವಕೀಲರ ಫೀಸು ಬೇಕು, ಕೋರ್ಟು ಷರತ್ತು ಹಾಕಿದರೆ ಹಣ ಠೇವಣಿ ಇಡಬೇಕು. ತಾನು ನೋಡದ ಸಮನ್ಸಿಗೆ ತಾನೇ ಪುರಾವೆ ಕೊಡಬೇಕು.

ಸಂಹಿತೆಯ ನಿಯಮಗಳಿಗೆ ತಿದ್ದುಪಡಿ ತರುವ ಅಧಿಕಾರವನ್ನು ಕಲಂ 122 ಹೈಕೋರ್ಟುಗಳಿಗೇ ಕೊಟ್ಟಿದೆ. ಸಾಲದ ದಾವೆಗಳಲ್ಲಿ ಏಕಪಕ್ಷೀಯ ಡಿಕ್ರಿ ಬರೆಯುವ ಮೊದಲು ಜಾರಿ, ಕಾಲಮಿತಿ, ಬಡ್ಡಿಯ ಲೆಕ್ಕ ಈ ಮೂರನ್ನೂ ತಾನು ಖುದ್ದಾಗಿ ಪರಿಶೀಲಿಸಿದ್ದೇನೆಂದು ನ್ಯಾಯಾಧೀಶರು ತೀರ್ಪಿನಲ್ಲೇ ಕಾರಣ ಸಹಿತ ದಾಖಲಿಸುವಂತೆ ಕರ್ನಾಟಕ ಹೈಕೋರ್ಟು ನಿಯಮ ಮಾಡಬೇಕು. ಬರದಿದ್ದರೆ ಏನಾಗುತ್ತದೆ, ಉಚಿತ ವಕೀಲರು ಎಲ್ಲಿ ಸಿಗುತ್ತಾರೆ ಎಂಬುದು ಸಮನ್ಸಿನ ಮೊದಲ ಪುಟದಲ್ಲೇ ದಪ್ಪ ಕನ್ನಡ ಅಕ್ಷರದಲ್ಲಿ ಇರಬೇಕು. ಸಮನ್ಸು ಬಂದವರು ಸಹಿ ಮಾಡಿ ಪಡೆದು, ವಾಯಿದೆಯ ದಿನ ಹಾಜರಾಗಲಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ.