ಮೂಲೆಯ ಆನೆಯನ್ನು ನೋಡುವ ಬಗೆ

ಚದುರಂಗದ ರುಚಿ ಹೊಸದಾಗಿ ಹತ್ತಿದವರು ಬಹುಮಟ್ಟಿಗೆ ಕುದುರೆಯ ನೆಗೆತಕ್ಕೂ ಮಂತ್ರಿಯ ಪರಾಕ್ರಮಕ್ಕೂ ಮನಸೋತು, ಮಣೆಯ ಮೂಲೆಯಲ್ಲಿ ನಿಂತ ಆನೆಯತ್ತ ಕಣ್ಣೆತ್ತದೆಯೇ ಆಟವನ್ನು ನೋಡಿ ಮುಗಿಸುವರು. ಇಂಗ್ಲಿಷರು ಇದನ್ನು ರೂಕ್ ಎಂದು ಕರೆದು ಕೋಟೆಯ ಬುರುಜಿನಂತೆ ಕಡೆಯುತ್ತಾರೆ.

ಬರಿದಾದ ಮಣೆಯ ಯಾವ ಮನೆಯಲ್ಲಿಟ್ಟರೂ ಆನೆಯ ಹಿಡಿತಕ್ಕೆ 14 ಮನೆಗಳು ಸಿಕ್ಕುವುವು. ಒಂಟೆಗಾದರೋ ಅಂಚಿನಲ್ಲಿ 7, ನಡುವೆ 13. ಇಂತಹ ಬಲಶಾಲಿಯು ಆದಿಯಲ್ಲಿ ನಿಶ್ಚೇಷ್ಟವಾಗಿರುವುದು ಸ್ವಪಕ್ಷದ ಪದಾತಿಗಳೇ ಅಡ್ಡವಾಗಿರುವುದರಿಂದ. ಆದಕಾರಣ ಯಾವ ಸಾಲು ತೆರವಾಯಿತು, ಅಲ್ಲಿಗೆ ಮೊದಲು ಬಂದ ಆನೆ ಯಾರದು, ಅದು ವೈರಿಯ ಪದಾತಿಗಳ ಮೂಲಸ್ಥಾನವಾದ ಏಳನೆಯ ಅಡ್ಡಸಾಲನ್ನು ಹೊಕ್ಕಿತೋ ಇಲ್ಲವೋ ಎಂಬುದನ್ನು ರಸಿಕನು ನೋಡುತ್ತಿರಬೇಕು. ಸತ್ತ ಕಾಯಿಗಳನ್ನು ಎಣಿಸುವ ಚಪಲವನ್ನು ಮಾತ್ರ ಬಿಡತಕ್ಕದ್ದು.

1924ರ ನ್ಯೂಯಾರ್ಕ್ ಪಂದ್ಯಾವಳಿಯಲ್ಲಿ ಅಂದಿನ ವಿಶ್ವವಿಜೇತನಾಗಿದ್ದ ಕ್ಯೂಬಾದ ಕಾಪಾಬ್ಲಾಂಕನು ತಾರ್ತಕೋವರನೊಡನೆ ಆಡಿದ ಆಟದ ಅಂತ್ಯಭಾಗವನ್ನು ಮಣೆಯ ಮೇಲೆ ನಿಧಾನವಾಗಿ ನಡೆಸಿ ನೋಡಿರಿ. ತನ್ನ ಆನೆ ಏಳನೆಯ ಸಾಲಿನಲ್ಲಿ ಬೀಡುಬಿಟ್ಟಿರಲು, ಎದುರಾಳಿಯು ಎರಡು ಪದಾತಿಗಳನ್ನು, ಅದೂ ಚೆಕ್ ಕೊಡುತ್ತಲೇ, ಕಡಿಯುತ್ತಿದ್ದರೂ ಲಕ್ಷಿಸದೆ, ಆತನು ರಾಜನನ್ನು ಒಂದೊಂದೇ ಮನೆ ಮುನ್ನಡೆಸಿ ಆನೆಯ ನೆರವಿಗೆ ನಿಲ್ಲಿಸುತ್ತಾನೆ. ಲೆಕ್ಕಿಗನ ಕಣ್ಣಿಗೆ ಇದು ದುಂದುಗಾರಿಕೆ. ಆದರೆ ಮೂಲೆಗೊತ್ತರಿಸಲ್ಪಟ್ಟ ಕಪ್ಪುರಾಜನು ಅಲುಗಲಾರನಾಗಿ, ಅವನ ಪದಾತಿಗಳು ಒಂದರ ಹಿಂದೊಂದು ಉದುರಿಹೋದಾಗ, ಆ ಔದಾರ್ಯದ ಮರ್ಮ ತಿಳಿಯುವುದು. ನನ್ನ ಮಟ್ಟಿಗೆ ಮಂತ್ರಿಯನ್ನೇ ಬಲಿಗೊಡುವ ಆರ್ಭಟದ ಆಟಗಳಿಗಿಂತ ಇದರ ಸೊಗಸು ಮಿಗಿಲಾದುದು.

ಸಾವೇದ್ರಾ ಎಂಬ ಸ್ಪೇನಿನ ಪಾದ್ರಿ 1895ರಲ್ಲಿ ಗ್ಲಾಸ್ಗೋ ನಗರದಲ್ಲಿ ಕಂಡುಹಿಡಿದ ಪರಿಹಾರವೊಂದು ಇನ್ನೂ ಸೂಕ್ಷ್ಮ. ಬಿಳಿಯ ಕಡೆ ರಾಜನೂ ಒಂದು ಪದಾತಿಯೂ, ಕಪ್ಪಿನ ಕಡೆ ರಾಜನೂ ಒಂದು ಆನೆಯೂ ಮಾತ್ರ ಉಳಿದಿವೆ. ಪದಾತಿ ಕೊನೆಯ ಮನೆ ಮುಟ್ಟಿದೊಡನೆ ಅದನ್ನು ಮಂತ್ರಿಯಾಗಿಸಲು ಯಾರ ಕೈಯಾದರೂ ಚಾಚೀತು. ಹಾಗೆ ಮಾಡಿದರೆ ಕಪ್ಪು ಆನೆ ಚೆಕ್ ಕೊಟ್ಟು ತನ್ನನ್ನೇ ಬಲಿಯೊಪ್ಪಿಸುವುದು, ಅದನ್ನು ಕಡಿದೊಡನೆ ಕಪ್ಪುರಾಜನಿಗೆ ನಡೆಯೇ ಉಳಿಯದೆ ಆಟ ಸಮವಾಗುವುದು. ಪಾದ್ರಿಯು ಪದಾತಿಯನ್ನು ಆನೆಯನ್ನಾಗಿಸಿದನು. ಒಡನೆಯೇ ಒದಗಿದ ಚೆಕ್‌ಮೇಟಿನ ಭೀತಿಯನ್ನು ತಡೆಯಲು ಕಪ್ಪು ಆನೆ ಅಡ್ಡಬರಬೇಕು. ಆಗ ಬಿಳಿಯ ರಾಜನು ಇಡುವ ಒಂದೇ ಹೆಜ್ಜೆಯಿಂದ ಆ ಆನೆಗೂ ಅದರ ಅರಸನಿಗೂ ಏಕಕಾಲಕ್ಕೆ ಗಂಡಾಂತರವೊದಗಿ, ಎರಡರಲ್ಲೊಂದನ್ನು ಕಳೆದುಕೊಳ್ಳದೆ ಕಪ್ಪಿಗೆ ಗತ್ಯಂತರವಿರದು.